ಚಮಚ ಕಂಡರಾಗದ ಮಾವನವರು

ನಮ್ಮ ಮಾವನವರಿಗೆ ಇಡೀ ಹೊಸಪೇಟೆಯಲ್ಲಿ ಇರುವುದು ಒಂದೇ ಶತ್ರು. ಅದು ಚಮಚ! ಅಕ್ಕಿ ಗಿರಣಿ ನಡೆಸುವಾಗ ಎಂಥ ಜಗಳಗಂಟರನ್ನೂ ನಗುನಗುತ್ತ ಸಂಭಾಳಿಸಿದ ಮನುಷ್ಯ, ಪಾಯಸದ ಬಟ್ಟಲಲ್ಲಿ ಚಮಚ ಕಂಡರೆ ಮಾತ್ರ ಕೆಂಡ. "ದೇವರು ಐದು ಬೆರಳು ಕೊಟ್ಟಿದ್ದು ಎಣಸಾಕೇನು?" ಎಂದು ಕೇಳುತ್ತಾರೆ. ಉತ್ತರ ಕೊಡುವ ಧೈರ್ಯ ಯಾರಿಗಿದೆ ಹೇಳಿ!

ಹೋದ ವರ್ಷ ಲಕ್ವ ಹೊಡೆದು ಅವರ ಬಲಗೈ ಸೋತಿತು. ಅಂದಿನಿಂದ ಅತ್ತೆಯೇ ಚಮಚದಲ್ಲಿ ಉಣ್ಣಿಸಬೇಕಾಯಿತು. ಎಡಗೈಯಲ್ಲಿ ಉಣ್ಣುವುದೇ? ಶಿವ ಶಿವಾ, ಆ ಮಾತೇ ಬೇಡ. ಬಲಗೈಗೇ ಅಭ್ಯಾಸ ಮಾಡಿಸಿ ಎಂದು ಡಾಕ್ಟರು ಹೇಳಿದರೆ, "ಎಲ್ಲಾರ ಮುಂದ ಚೆಲ್ಲಿಕೊಂತ ಉಣ್ಣಲೇನು?" ಎಂದು ಮುಖ ತಿರುಗಿಸಿಬಿಟ್ಟರು. ನಾಲ್ಕು ತುತ್ತಿಗೇ "ಸಾಕು" ಅನ್ನುವರು. ದಿನದಿಂದ ದಿನಕ್ಕೆ ಸೊರಗಿದರು. ಅತ್ತೆ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ನನ್ನ ಮಗಳಿಗೆ ಅನ್ನ ಮುಟ್ಟಿಸುವ ಕಾಲ ಬಂತು. ಹಂಪಿಯಲ್ಲಿ ಪೂಜೆ ಮಾಡಿಸಿ, ಪಾಯಸದ ಚಮಚ ತುಟಿಗೆ ತಾಗಿಸಿದ್ದೇ ತಡ, ಕೂಸು ಬಾಯಿಗೆ ಬೀಗ ಹಾಕಿಕೊಂಡಿತು. ಹಾಡಿದೆವು, ಕುಣಿದೆವು, ಕಾಗೆ ತೋರಿಸಿದೆವು. ಊಹೂಂ! ಮಾವನವರಿಗೆ ಮಾತ್ರ ಎಲ್ಲಿಲ್ಲದ ಹಿಗ್ಗು. "ನನ್ನ ಮೊಮ್ಮಗಳು ಅದಾಳ!" ಎಂದವರೇ, ಗೋಡೆಯ ಮೇಲೆ ಬಾಳೆಹಣ್ಣು ಸುಲಿಯುತ್ತಿದ್ದ ಕೋತಿಮರಿಯನ್ನು ತೋರಿಸಿದರು. "ಅದಕ್ಕ ಯಾರರ ಚಮಚ ಹಿಡದಾರೇನು? ಹಂಪಿಯಾಗ ಸೊರಗಿದ ಮಂಗ್ಯಾನ ಒಂದರ ನೋಡೀಯೇನವಾ? ಕೂಸಿನ ಕೈಗೇ ಕೊಡು, ತಿಂತೈತಿ."

ನಾನು ನೋಡಿರಲಿಲ್ಲ. ವಾದದಲ್ಲಿ ಸೋತೆ!

ಕೂಸನ್ನು ನೆಟ್ಟಗೆ ಕೂರಿಸಿ, ಮೆತ್ತಗಿನದು ಕೊಟ್ಟು, ಕಣ್ಣಿಟ್ಟಿರಿ ಎಂದು ಮಕ್ಕಳ ಡಾಕ್ಟರೂ ಒಪ್ಪಿದರು. ಗಿರಣಿಯಲ್ಲಿ ಭತ್ತ ಒಣಗಿಸುತ್ತಿದ್ದ ತಾಡಪಾಲು, ಚೆಲ್ಲಿದ್ದು ನೆಲಕ್ಕೆ ಮೆತ್ತದಿರಲೆಂದು, ನಮ್ಮ ಪಡಸಾಲೆಗೆ ಬಂತು. ಮೊದಲ ದಿನ ಬಾಳೆಹಣ್ಣು ಪುಟ್ಟ ಕೈಯಿಂದ ಸಾಬೂನಿನ ಹಾಗೆ ಜಾರಿ ಜಾರಿ ಬಿತ್ತು. "ಪುಟಾಣಿ ಹಿಟ್ಟಿನ್ಯಾಗ ಹೊಳ್ಳಾಡಸು, ಹಿಡಿತ ಬರ್ತೈತಿ," ಎಂದರು ಮಾವ. ಹುರಿಗಡಲೆ ಹಿಟ್ಟು ಮೆತ್ತಿದ ಮೇಲೆ ಹಿಡಿತ ಬಂತು! ಹಣ್ಣು ಕಿವಿಗೆ ಹೋಯಿತು, ಜುಟ್ಟಿಗೆ ಹೋಯಿತು, ಉಳಿದದ್ದು ಬಾಯಿಗೂ ಹೋಯಿತು. ಒಮ್ಮೆ ಕೂಸು ಕೆಮ್ಮಿ ತುಣುಕನ್ನು ತಾನೇ ಹೊರಗೆ ಹಾಕಿ ನಕ್ಕಿತು. ನನ್ನ ಜೀವ ಬಾಯಿಗೆ ಬಂದಿತ್ತು. ಮಾವ ಶಾಂತವಾಗಿ, "ಆಕಿಗೇನೂ ಆಗಿಲ್ಲ. ನೀ ಒಂದೀಟು ನೀರು ಕುಡಿ," ಎಂದರು.

ಆಮೇಲೆ ಮಾವನವರಿಂದ ಹೊಸ ಕಾನೂನು ಬಂತು. ತಮ್ಮ ತಟ್ಟೆಯನ್ನೂ ತಾಡಪಾಲಿನ ಮೇಲೇ ಇಡಬೇಕು, ಉಳಿದವರೆಲ್ಲ ಒಳಗೆ ಹೋಗಬೇಕು!

"ಯಾಕ್ರೀ ಮಾವಾ?"

"ಎಲ್ಲಾರೂ ನೋಡಿದ್ರ ಆಕಿಗೆ ನಾಚಿಕಿ ಆಗ್ತೈತಿ."

ಜುಟ್ಟಿಗೆ ಅನ್ನ ಮೆತ್ತಿಕೊಂಡು ಕೇಕೆ ಹಾಕುವ ಕೂಸಿಗೆ ನಾಚಿಕೆಯಂತೆ! ತಾಯಿ ಜೀವ, ನಾನು ಬಾಗಿಲ ಮರೆಯಿಂದ ಕೂಸಿನ ಮೇಲೆ ಕಣ್ಣಿಟ್ಟು ನಿಂತೆ.

ಮಗಳು ಬೇಳೆ ಕಲೆಸಿದ ಅನ್ನ ಹಿಡಿದಳು. ಬಿತ್ತು. ಮತ್ತೆ ಹಿಡಿದಳು. ಮಾವ ಅವಳನ್ನೇ ನೋಡಿದರು. ಬಾಗಿಲ ಕಡೆ ಒಮ್ಮೆ ನೋಡಿದರು. ಮೆಲ್ಲಗೆ ಬಲಗೈಯನ್ನು ತಟ್ಟೆಗೆ ತಂದರು. ಬೆರಳು ನಡುಗಿ ಅನ್ನ ಅಂಗಿಯ ಮೇಲೆ ಚೆಲ್ಲಿತು. ಮತ್ತೊಮ್ಮೆಯೂ ಚೆಲ್ಲಿತು. ಕೂಸು ತಲೆಯೆತ್ತಿ ನೋಡಲೂ ಇಲ್ಲ, ಅದಕ್ಕೆ ಅದರ ಊಟವೇ ದೊಡ್ಡದು. ಕೊನೆಗೂ ಒಂದು ತುತ್ತು ಮಾವನವರ ಬಾಯಿ ಸೇರಿತು. ನನಗೆ ಅಳು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಅತ್ತೆ ಸೀದಾ ಪಡಸಾಲೆಗೆ ಬಂದುಬಿಟ್ಟರು. ತಾಡಪಾಲಿನ ತುಂಬ ಅನ್ನ. ಮಾವ ಗಡಬಡಿಸಿ ಕೈ ಹಿಂದಕ್ಕೆಳೆದುಕೊಂಡರು. ಮೀಸೆಯಲ್ಲಿ ಎರಡು ಅಗುಳು.

"ಎಲ್ಲಾ ಆಕೀನ ಚೆಲ್ಲ್ಯಾಳ," ಎಂದರು, ಎತ್ತಲೋ ನೋಡುತ್ತ.

ಅತ್ತೆ ಆ ಅಗುಳನ್ನು ನೋಡಿದರು. "ಹೌದ್ರಿ, ಭಾಳ ಚೆಲ್ಲ್ಯಾಳ. ಇನ್ನೊಂದೀಟು ಅನ್ನ ಹಾಕ್ಲೇನು ಆಕಿಗೆ?" ಎನ್ನುತ್ತ ಮಾವನವರ ತಟ್ಟೆಯ ಮುಂದೆ ಕೂತರು.

"ಹಾಕು," ಎಂದರು ಮಾವ.

ಲಕ್ವ ಹೊಡೆದ ಮೇಲೆ ಅವರು ಇನ್ನಷ್ಟು ಅನ್ನ ಹಾಕಿಸಿಕೊಂಡದ್ದು ಅಂದೇ ಮೊದಲು. ಬಡಿಸುವಾಗ ಅತ್ತೆಯೂ ಒಂದಿಷ್ಟು ಕೆಳಗೆ ಚೆಲ್ಲಿದರು. ಅದನ್ನು ಯಾರೂ ಎತ್ತಲಿಲ್ಲ.