ತುಟಿ ಪಿಟಕ್ ಅನ್ನದ ಮಿಷನ್

ಕೋಡಿಹಳ್ಳಿ ಪಕ್ಕದ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ ಅನಂತರಾಜುವಿಗೆ ಹಾಲಿನ ಫ್ಯಾಟ್, ಅಂದರೆ ಜಿಡ್ಡು, ನೋಡುವ ಮಿಷನ್ನಿನ ಕೂಗು ಕೇಳಿ ಕೇಳಿ ಸಾಕಾಗಿತ್ತು. ಹಾಲಿಗೆ ನೀರು ಜಾಸ್ತಿಯಾದರೂ ಕೂಗು, ಹುಲ್ಲುಕಡ್ಡಿ ಸಿಕ್ಕರೂ ಕೂಗು. ‘ಎರರ್’ ಎಂದು ಅದು ನಿಂತುಬಿಟ್ಟರೆ ಸಾಲಿನಲ್ಲಿದ್ದವರೆಲ್ಲ ಬೈಯುತ್ತಿದ್ದದ್ದು ಇವನನ್ನು.

ಕೊನೆಗೆ ಕನಕಪುರದಿಂದ ಕಂಪ್ಯೂಟರ್ ರಿಪೇರಿಯ ಮುಕ್ತಿಯಾರನನ್ನು ಕರೆಸಿದ.

“ಎರರ್ ಬಂದ್ರೆ ನಿಲ್ಲಬಾರ್ದು ಕಣಪ್ಪ. ಮುಂಚೆ ಹುಯ್ದೋರ ಫ್ಯಾಟು ಎಷ್ಟಿತ್ತೋ ಅದನ್ನೇ ಹಾಕ್ಕಂಡು ಮುಂದಕ್ಕೋಗ್ಲಿ.”

“ಬ್ಯಾಡ ಸಾರ್. ಏನೋ ಎಡವಟ್ಟಾಗೈತೆ ಅಂತ ಅದು ಹೇಳ್ತಾ ಐತೆ. ಬಾಯಿ ಮುಚ್ಚಿಸಿದ್ರೆ ಎಡವಟ್ಟು ಹೋಗ್ತದಾ?”

“ನನ್ ಕಿವಿ ಉಳೀತದೆ. ಮಾಡು.”

ಮಾರನೆಯ ಬೆಳಿಗ್ಗೆ ಹೆಂಡತಿ ಲತಾಮಣಿ ಕಾಫಿ ಕೊಟ್ಟಾಗ ಜಂಬ ಕೊಚ್ಚಿಕೊಂಡ. “ಇನ್ಮೇಲೆ ಏನು ಹುಯ್ದ್ರೂ ಆ ಮಿಷನ್ನು ತುಟಿ ಪಿಟಕ್ ಅನ್ನಲ್ಲ.”

“ಹೌದಾ,” ಎಂದು ಅವಳು ಹಾಲು ಕರೆಯಲು ಹೋದಳು.

ಅನಂತರಾಜು ದಾರಿಯಲ್ಲಿ ಸಿಕ್ಕವರಿಗೆಲ್ಲ ಇದನ್ನೇ ಹೇಳಿಕೊಂಡು ಡೈರಿಗೆ ಬಂದರೆ, ಸಾಲೇ ವಿಚಿತ್ರವಾಗಿತ್ತು. ಯಾವತ್ತೂ ಮುಂದೆ ನುಗ್ಗುವ ಹುಚ್ಚಯ್ಯ ಇವತ್ತು ಕಾವೇರಮ್ಮನ ಬೆನ್ನಿಗೆ ಅಂಟಿಕೊಂಡಿದ್ದ. ಕಾವೇರಮ್ಮನ ಎಮ್ಮೆಯ ಹಾಲು ಊರಿಗೇ ಗಟ್ಟಿ; ಫ್ಯಾಟ್ ಜಾಸ್ತಿ ಬಂದಷ್ಟೂ ದುಡ್ಡು ಜಾಸ್ತಿ.

“ನೀನೇ ಮೊದ್ಲು ಹುಯ್ಯವ್ವ, ದೊಡ್ಡೋಳು,” ಎಂದ ಹುಚ್ಚಯ್ಯ.

ಕಾವೇರಮ್ಮನಿಗೆ ಫ್ಯಾಟ್ ಏಳು ಬಂತು. ಹುಚ್ಚಯ್ಯನ ಹಾಲಿನಲ್ಲಿ ಕ್ಯಾನಿನ ತಳ ಕಾಣುತ್ತಿತ್ತು, ಆದರೂ ಏಳು. ಅವನ ಹಿಂದೆ ನಿಂತಿದ್ದ ಹತ್ತು ಜನಕ್ಕೂ ಏಳೇ. ಅನಂತರಾಜು ಊರಿನ ಹಸುಗಳ ಬಗ್ಗೆ ಹೆಮ್ಮೆಪಡುತ್ತಿರುವಾಗಲೇ ತಪಾಸಣೆಗೆ ಹಾಲು ಒಕ್ಕೂಟದ ಅಧಿಕಾರಿ ನವ್ಯಶ್ರೀ ಬಂದಿಳಿದರು. ಪರದೆಯನ್ನು ಒಮ್ಮೆ ನೋಡಿ, ಬ್ಯಾಗಿನಿಂದ ಕುಡಿಯುವ ನೀರಿನ ಬಾಟಲಿ ತೆಗೆದು ಮಿಷನ್ನಿಗೆ ಸುರಿದರು. ಏಳು ಬಂತು.

“ಏನ್ರೀ, ನನ್ನ ಬಾಟ್ಲಿಗೆ ಎಮ್ಮೆ ಕರೆದಿದ್ರಾ?”

ಅನಂತರಾಜು ಕೈ ಮುಗಿದ. “ಮೇಡಂ, ಕೆಲಸ ಮಾತ್ರ ತೆಗೀಬೇಡಿ. ಈಗ್ಲೇ ಸರಿ ಮಾಡ್ತೀನಿ.” ಮುಕ್ತಿಯಾರನಿಗೆ ಫೋನ್ ಹಚ್ಚಿ, ಅವನು ಹೇಳಿದ ಗುಂಡಿಗಳನ್ನೆಲ್ಲ ಒತ್ತಿ ಮೊದಲಿನಂತೆ ಮಾಡಿದ.

“ಸರಿ. ಈಗ ಮೊದಲು ಯಾರ ಹಾಲಿಗೆ ಕೂಗುತ್ತೋ ಅವರ ಹೆಸರನ್ನ ನೀವೇ ಬೋರ್ಡ್ ಮೇಲೆ ಬರೀರಿ. ಒಂದು ತಿಂಗಳು ಅವರ ಹಾಲು ತಗೋಬಾರದು. ಆಗ ನಿಮ್ಮ ಕೆಲಸ ಉಳಿಯುತ್ತೆ.”

ಇಷ್ಟೇನಾ ಎಂದು ಅನಂತರಾಜು ಖುಷಿಯಿಂದ ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿದ. ಹುಯ್ದವರೆಲ್ಲ ಆಗಲೇ ಜಾಗ ಖಾಲಿ ಮಾಡಿದ್ದರು. ತಡವಾಗಿ ಬಂದ ಒಂದು ಕ್ಯಾನು ಮಾತ್ರ ಬಾಕಿ. ಅವನ ಬೆನ್ನ ಹಿಂದೆ ಅದನ್ನು ಸುರಿದದ್ದೇ ತಡ, ಮಿಷನ್ ಎರಡು ಬೀದಿಗೆ ಕೇಳುವಂತೆ ಕೂಗಿತು.

“ಹೆಸರು ಹೇಳಿ ಮೇಡಂ.”

ನವ್ಯಶ್ರೀ ಪರದೆ ನೋಡಿ ಓದಿದರು. “ನೀರು ಜಾಸ್ತಿ. ಸದಸ್ಯರು, ಅನಂತರಾಜು.”

ತಿರುಗಿದರೆ, ಖಾಲಿ ಕ್ಯಾನು ಹಿಡಿದು ಲತಾಮಣಿ ನಿಂತಿದ್ದಳು.

“ತುಟಿ ಪಿಟಕ್ ಅನ್ನಲ್ಲ ಅಂತ ನೀವೇ ಅಲ್ವಾ ಹೇಳಿದ್ದು?”

“ಬರೀರಿ,” ಎಂದರು ನವ್ಯಶ್ರೀ. “ಒಸಿ ದೊಡ್ಡದಾಗೇ ಬರೀರಿ.”