ಮುನ್ನೂರ ಹನ್ನೆರಡನೆಯ ಗುರುತು

ಎಂಟು ತಿಂಗಳಿಂದ ಬಿಗಿಹಿಡಿದಿದ್ದ ಉಸಿರನ್ನು ಭೂತಗನ್ನಡಿ ಆ ಬೆಳಿಗ್ಗೆ ಒಮ್ಮೆ ನೆಮ್ಮದಿಯಿಂದ ಬಿಟ್ಟ. ಅವನು ಮಾಡಿದ ತಪ್ಪು ಅಷ್ಟೇ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಊಟದ ಡಬ್ಬಿಯನ್ನೂ ಮಸೂರ ಹಿಡಿದು ಪರೀಕ್ಷಿಸುವ ಅವನನ್ನು ಸಿನಿಮಾ ವಸ್ತುಸಂಗ್ರಹಾಲಯದಲ್ಲಿ ಯಾರೂ ಆ ಹೆಸರಿನಿಂದ ಕರೆದದ್ದಿಲ್ಲ. ಈಗ ಅವನ ಮೇಜಿನ ಮೇಲೆ ಗೇಣೆತ್ತರದ ಕಾಲುಗಳ ಮೇಲೆ ನಿಂತಿದ್ದದ್ದು ಹಳೆಯ ಸಿನಿಮಾವೊಂದರ ಅಂತರಿಕ್ಷ ನೌಕೆ. ತೆರೆಯ ಮೇಲೆ ಅದು ಒಂದು ಊರಿನಷ್ಟು ದೊಡ್ಡದು, ಮೇಜಿನ ಮೇಲೆ ತೊಟ್ಟಿಲಿನಷ್ಟು. ಮೈತುಂಬ ಪುಟ್ಟ ಅಂಕಿ, ಪಟ್ಟೆ, ಬಾಣ. ಆ ಕಾಲದ ಮಾದರಿ ತಯಾರಕರು ಇವನ್ನೆಲ್ಲ ತಾವೇ ಅಚ್ಚು ಹಾಕಿಸುತ್ತಿರಲಿಲ್ಲ. ಆಟಿಕೆ ರೈಲು, ಲಾರಿ, ವಿಮಾನದ ಪೆಟ್ಟಿಗೆಗಳಲ್ಲಿ ನೀರಲ್ಲಿ ನೆನೆಸಿ ಅಂಟಿಸುವ ಡೆಕಾಲ್ ಹಾಳೆ ಬರುತ್ತಿತ್ತಲ್ಲ, ಅದರಿಂದ ಕತ್ತರಿಸಿ ಅಂಟಿಸುತ್ತಿದ್ದರು. ಯಾವ ಡೆಕಾಲ್ ಯಾವ ಆಟಿಕೆಯದು ಎಂದು ಪತ್ತೆಹಚ್ಚಿ, ನೌಕೆ ಅಸಲಿ ಎಂದು ತೋರಿಸುವುದು ಭೂತಗನ್ನಡಿಯ ಕೆಲಸ.

ಮುನ್ನೂರ ಹನ್ನೊಂದು ಪತ್ತೆಯಾಗಿದ್ದವು. ಉಳಿದದ್ದು ಹೊಟ್ಟೆಯ ಕೆಳಗಿನ ಅಕ್ಕಿಕಾಳಿನಷ್ಟು ಕೆಂಪು ಬಾಣವೊಂದೇ. ಅದು ಆಟಿಕೆ ಬೆಂಕಿ ಎಂಜಿನ್ನಿನ ಏಣಿಯ ಮೇಲಿನದು ಎಂದು ಆ ಬೆಳಿಗ್ಗೆ ಹಳೆಯ ಪಟ್ಟಿಯೊಂದರಲ್ಲಿ ಸಿಕ್ಕಿತು. ಪುಸ್ತಕದಲ್ಲಿ ಬರೆದ. ಕೊನೆಯ ಬಾರಿ ನೋಡಿಬಿಡೋಣ ಎಂದು ಬಗ್ಗಿದ. ಮುಗಿಯಿತಲ್ಲ ಎಂದು ಉಸಿರುಬಿಟ್ಟ. ಬಾಣ ಎದ್ದು, ಕಿಟಕಿಯ ಬಿಸಿಲಲ್ಲಿ ಒಂದು ಸುತ್ತು ತಿರುಗಿ, ಕಾಣೆಯಾಯಿತು.

ಸಂಜೆ ನಾಲ್ಕಕ್ಕೆ ಅಂಟಿನಜ್ಜಿ ಬರುವವರಿದ್ದರು. ಆ ಸಿನಿಮಾ ತಯಾರಾದಾಗ ಡೆಕಾಲ್ ಅಂಟಿಸುವ ಮೇಜಿನ ಯಜಮಾನಿಕೆ ಅವರದೇ. ಅವರು ನೋಡಿ ಹೌದು ಎಂದರೆ ಸಂಗ್ರಹಾಲಯದ ಮುಖ್ಯಸ್ಥೆ 'ಅಸಲಿ' ಎಂಬ ಫಲಕ ಹಾಕಿಸುತ್ತಾರೆ. ಭೂತಗನ್ನಡಿ ಫ್ಯಾನ್ ಆರಿಸಿ, ಬಾಗಿಲು ಹಾಕಿ, ನೆಲದ ಮೇಲೆ ಮಂಡಿಯೂರಿದ.

ಹಾಕಿದ ಬಾಗಿಲು ಕಂಡರೆ ಸಂಗ್ರಹಾಲಯದ ಬಡಗಿಗೆ ತಡೆಯದು. ಏನು ಹುಡುಕುತ್ತಿದ್ದೀಯ ಎಂದು ಒಳಗೇ ಬಂದ. ಭೂತಗನ್ನಡಿ ಬಾಯಿಗೆ ಬಂದದ್ದನ್ನು ಹೇಳಿದ: ಕನ್ನಡಕದ ಸ್ಕ್ರೂ ಬಿದ್ದಿದೆ. ಅದೇ ದೊಡ್ಡ ಎಡವಟ್ಟು. ಬಡಗಿ ಕಾವಲುಗಾರನಿಗೆ ಹೇಳಿದ, ಕಾವಲುಗಾರ ಟಿಕೆಟ್ ಕೊಡುವಾಕೆಗೆ ಹೇಳಿದ. ಅರ್ಧ ಗಂಟೆಯಲ್ಲಿ ಮೂವರೂ ಟಾರ್ಚ್ ಹಿಡಿದು ನೆಲದ ಮೇಲೆ ಹರಿದಾಡುತ್ತಿದ್ದರು. ಎಲ್ಲಿ ಬಾಣದ ಮೇಲೆ ಕಾಲಿಡುತ್ತಾರೋ ಎಂದು ಭೂತಗನ್ನಡಿಯ ಕಣ್ಣು ಅವರ ಚಪ್ಪಲಿಗಳನ್ನೇ ಹಿಂಬಾಲಿಸುತ್ತಿತ್ತು. ಹನ್ನೊಂದು ಗಂಟೆ ಹೊಡೆಯುವುದರೊಳಗೆ ನಾಲ್ಕು ಸ್ಕ್ರೂ ಸಿಕ್ಕವು. ಒಂದೊಂದಕ್ಕೂ ಅವನು ಹಲ್ಲುಕಿರಿದು ಧನ್ಯವಾದ ಹೇಳಬೇಕಾಯಿತು. ಐದನೆಯದು ಬಡಗಿ ತನ್ನ ಡಬ್ಬಿಯಿಂದಲೇ ತಂದುಕೊಟ್ಟದ್ದು, ಬಾಗಿಲಿಗೆ ಹಾಕುವಷ್ಟು ದಪ್ಪ.

ಬಾಣ ಮಾತ್ರ ಸಿಗಲಿಲ್ಲ.

ಮಧ್ಯಾಹ್ನ ಅವನು ಊಟ ಬಿಟ್ಟು ಭಾವಮೈದನ ಮನೆಗೆ ಓಡಿದ. ಜೋಡಿಸುವ ಆಟಿಕೆಗಳ ಪೆಟ್ಟಿಗೆ ಕೊಂಡು, ಬಿಚ್ಚದೆ, ಕಪಾಟಿನಲ್ಲಿಟ್ಟು ನೋಡುತ್ತ ಕೂರುವುದು ಭಾವಮೈದನ ಹುಚ್ಚು. ಅದೇ ಬೆಂಕಿ ಎಂಜಿನ್ನೂ ಅವನಲ್ಲಿತ್ತು. ವಿಷಯ ಕೇಳಿ ಅವನು ಪೆಟ್ಟಿಗೆಯನ್ನು ಎದೆಗವಚಿಕೊಂಡ.

"ಭಾವ, ಇಪ್ಪತ್ತೆಂಟು ವರ್ಷದಿಂದ ಮುಚ್ಚಿರೋ ಪೆಟ್ಟಿಗೆ ಇದು. ನನ್ನ ಹೆಂಡ್ತಿಗೂ ಒಳಗೇನಿದೆ ಅಂತ ತೋರಿಸಿಲ್ಲ."

"ನನ್ನ ಕೆಲಸ ಹೋದ್ರೆ ನಿಮ್ಮಕ್ಕ ಗಂಟುಮೂಟೆ ಕಟ್ಕೊಂಡು ಇಲ್ಲಿಗೇ ಬರ್ತಾಳೆ. ಯೋಚನೆ ಮಾಡು."

ಭಾವಮೈದ ಯೋಚಿಸಿದ. ಕತ್ತರಿ ತಂದ. ಆದರೆ ಒಂದು ಷರತ್ತು ಹಾಕಿದ: ತನ್ನ ಬಾಣವನ್ನು ತಾನೇ ಅಂಟಿಸಬೇಕು.

ಮೂರೂವರೆಗೆ ಇಬ್ಬರೂ ಮೇಜಿಗೆ ಕೆನ್ನೆಯೂರಿ ನೌಕೆಯ ಹೊಟ್ಟೆಯ ಕೆಳಗೆ ತಲೆ ತೂರಿಸಿದ್ದರು. ನೀರಲ್ಲಿ ನೆನೆದ ಬಾಣವನ್ನು ಭಾವಮೈದ ಚಿಮಟದಿಂದ ಜಾರಿಸಿ ಕೂರಿಸಿದ. ಬಾಣ ಹೊಸ ಮದುವಣಗಿತ್ತಿಯ ಹಾಗೆ ಕೆಂಪಗೆ ಹೊಳೆಯಿತು. ಭೂತಗನ್ನಡಿ ತಣ್ಣಗಾದ ಚಹಾದಲ್ಲಿ ಕುಂಚ ಅದ್ದಿ ಸವರಿ, ಅದಕ್ಕೂ ನೌಕೆಯ ನಲವತ್ತು ವರ್ಷ ವಯಸ್ಸು ಬರಿಸಿದ. ಒರೆಸಿಕೊಂಡು ಏಳುವಷ್ಟರಲ್ಲಿ ಮುಖ್ಯಸ್ಥೆಯ ಜೊತೆ ಅಂಟಿನಜ್ಜಿ ಒಳಗೆ ಬಂದರು. ಹಿಂದೆಯೇ ಬಡಗಿ, ಕಾವಲುಗಾರ, ಟಿಕೆಟ್ ಕೊಡುವಾಕೆ.

ಅಜ್ಜಿ ಕೋಲೂರಿಕೊಂಡು ನೌಕೆಯನ್ನು ಒಂದು ಸುತ್ತು ಬಂದರು. ಮೂತಿ ನೋಡಿದರು, ಬಾಲ ನೋಡಿದರು. ಆಮೇಲೆ ಕೋಲನ್ನು ಬಡಗಿಯ ಕೈಗೆ ಕೊಟ್ಟು ಹೊಟ್ಟೆಯ ಕೆಳಗೆ ಬಗ್ಗಿದರು. ಭೂತಗನ್ನಡಿ ಪುಸ್ತಕ ಕೈಗೆತ್ತಿಕೊಂಡು ಕೊನೆಯ ಪುಟ ತೆರೆದು ಹಿಡಿದ.

"ಇದು ಅಸಲಿ ಡೆಕಾಲ್" ಎಂದರು ಅಜ್ಜಿ.

ಮುಖ್ಯಸ್ಥೆಯ ಮುಖ ಅರಳಿತು. ಭೂತಗನ್ನಡಿಗೆ ಹೋದ ಜೀವ ಬಂದಂತಾಯಿತು.

"ಇದೊಂದೇ ಅಸಲಿ" ಅಜ್ಜಿ ಮುಂದುವರಿಸಿದರು. "ಅದೇ ನಂಗೆ ಅರ್ಥ ಆಗ್ತಿಲ್ಲ. ಇದು ಇಲ್ಲಿಗೆ ಹೇಗೆ ಬಂತು?"

ಆಗ ಅವರು ನಿಧಾನವಾಗಿ ವಿಷಯ ಬಿಡಿಸಿ ಹೇಳಿದರು. ಆ ಸಿನಿಮಾಕ್ಕೆ ಎರಡು ನೌಕೆ ಮಾಡಿದ್ದರಂತೆ, ಒಂದು ಹಾರುವುದಕ್ಕೆ, ಇನ್ನೊಂದು ಸಿಡಿಯುವುದಕ್ಕೆ. ಎರಡನೆಯದರ ಹೊತ್ತಿಗೆ ಡೆಕಾಲ್ ಹಾಳೆಗಳೆಲ್ಲ ಮುಗಿದಿದ್ದವು. ಮೊದಲನೆಯದನ್ನು ನೋಡಿಕೊಂಡು ಮುನ್ನೂರ ಹನ್ನೆರಡನ್ನೂ ಕೂದಲೆಳೆಯ ಕುಂಚದಲ್ಲಿ ಬರೆದು ಮೇಲೆ ವಾರ್ನಿಷ್ ಬಳಿದಿದ್ದರು. ಸಿಡಿಸುವ ದಿನ ಗಡಿಬಿಡಿಯಲ್ಲಿ ಡೆಕಾಲಿನ ನೌಕೆಯನ್ನೇ ಸಿಡಿಸಿಬಿಟ್ಟು, ಹೊರಗಿನ ಯಾರ ಮುಂದೆಯೂ ಬಾಯಿಬಿಡಲಿಲ್ಲ. ಉಳಿದದ್ದು ಈ ಬರೆದ ನೌಕೆ.

ಎಲ್ಲರೂ ಭೂತಗನ್ನಡಿಯತ್ತ ತಿರುಗಿದರು. ಎಂಟು ತಿಂಗಳ ಪುಸ್ತಕ ಅವನ ಕೈಯಲ್ಲಿ ಕಲ್ಲಿನಂತೆ ಭಾರವಾಯಿತು. ರೈಲಿನದು, ಲಾರಿಯದು, ವಿಮಾನದ್ದು ಎಂದು ಬರೆದ ಮುನ್ನೂರ ಹನ್ನೊಂದು ಸಾಲೂ ಸುಳ್ಳು. ನಿಜವಾಗಿದ್ದದ್ದು ಸ್ವತಃ ಮೋಸ ಮಾಡಿದ ಕೊನೆಯ ಸಾಲು. ಬೇರೆ ದಾರಿಯಿಲ್ಲದೆ ನಡೆದದ್ದನ್ನೆಲ್ಲ ತೊದಲುತ್ತ ಒಪ್ಪಿಕೊಂಡ.

"ಉಸಿರು ತಾಗಿದ್ರೆ ಡೆಕಾಲ್ ಹಾರಲ್ಲ ಕಣಪ್ಪ" ಎಂದರು ಅಜ್ಜಿ ಮರುಕದಿಂದ. "ಒಣಗಿದ ಬಣ್ಣ ಹಾರುತ್ತೆ. ಇಷ್ಟೆಲ್ಲ ಓದಿದೋನಿಗೆ ಅಷ್ಟು ಹೊಳೀಲಿಲ್ವಾ?"

ಅಂದರೆ ಬೆಳಿಗ್ಗೆಯಿಂದ ಹುಡುಕಿದ್ದು ಸ್ಕ್ರೂ ಅಲ್ಲವೇ ಎಂದು ಬಡಗಿ ನೊಂದುಕೊಂಡ.

ಮುಖ್ಯಸ್ಥೆ ಅವನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿಟ್ಟು, ನೌಕೆಯತ್ತ ತಿರುಗಿದರು. ಕೆಲಸ ಹೋಯಿತೆಂದೇ ಭೂತಗನ್ನಡಿ ಅಂದುಕೊಂಡ. ಆದರೆ ನಿಂತು ನೋಡುತ್ತ ನೋಡುತ್ತ ಆಕೆಯ ಕಣ್ಣು ಹೊಳೆಯತೊಡಗಿತು. ಅಂಟಿಸಿದ ನೌಕೆಗಳು ಎಷ್ಟೋ ಇರಬಹುದು, ಮೈತುಂಬ ಕೈಯಿಂದ ಬರೆದದ್ದನ್ನು ಯಾರು ಕಂಡಿದ್ದಾರೆ? ಇದು ಇನ್ನೂ ಅಪರೂಪದ್ದು ಎಂದರು. ಎಲ್ಲವೂ ಅಜ್ಜಿಯ ಕೈಕೆಲಸವೇ ಎಂದು ಕೇಳಿದರು.

"ನಾನೊಬ್ಬಳೇ ಅಲ್ಲ. ಐದು ಜನ ಹೆಣ್ಣುಮಕ್ಕಳು ಸೇರಿ ಬರೆದ್ವಿ. ಯಾವುದು ಯಾರ ಕೈದು ಅನ್ನೋದು ನಂಗೂ ಮರೆತುಹೋಗಿದೆ."

ಮುಖ್ಯಸ್ಥೆ ಕಪಾಟಿನಿಂದ ಹೊಸ ಪುಸ್ತಕವೊಂದನ್ನು ತೆಗೆದು ಭೂತಗನ್ನಡಿಯ ಮುಂದಿಟ್ಟರು.

"ಅದನ್ನ ಇವರು ಪತ್ತೆಹಚ್ತಾರೆ. ನಾಳೆಯಿಂದ ಶುರು ಮಾಡಿ. ಒಂದನೇ ಗುರುತಿನಿಂದ."

ಭೂತಗನ್ನಡಿ ಖಾಲಿ ಪುಟ ನೋಡುತ್ತ ನಿಂತ. ಭಾವಮೈದ ಹಿಂದಿನಿಂದ ಬಂದು ಪೆನ್ನಿನ ಮುಚ್ಚಳ ತೆಗೆದುಕೊಟ್ಟ.

"ಒಂದು ಸಾಲು ಈಗ್ಲೇ ಬರ್ಕೊಳ್ಳಿ ಭಾವ. ಕೆಂಪು ಬಾಣ, ನನ್ನ ಕೈಯದು. ಹೆಸರು ಪೂರ್ತಿ ಬರೀರಿ."