ಹಕ್ಕರಕಿ ಹುಡುಕುವ ನಮ್ಮ ಕಾಕಾ

ನಮ್ಮ ಕಾಕಾನ ಜೊತೆ ದಾರಿ ನಡೆಯುವುದಕ್ಕಿಂತ ಒಂದು ಆಡನ್ನು ಹೊಡೆದುಕೊಂಡು ಹೋಗುವುದು ಸುಲಭ. ಆಡಾದರೂ ಹೊಟ್ಟೆ ತುಂಬಿದ ಮೇಲೆ ತಲೆಯೆತ್ತಿ ನಡೆಯುತ್ತದೆ. ಕಾಕಾ ಕಂಡ ಕಂಡ ಬದುವಿಗೆಲ್ಲ ಬಗ್ಗುತ್ತಾನೆ.

ಅವನು ಹುಡುಕುವುದು ಹಕ್ಕರಕಿಯನ್ನು. ನೆಲಕ್ಕಂಟಿ ಹಬ್ಬುವ, ಅಂಗಿಯ ಗುಂಡಿಯಷ್ಟು ಹಳದಿ ಹೂ ಬಿಡುವ, ಕಿತ್ತಷ್ಟೂ ಬೇರಿನಿಂದ ಚಿಗುರುವ ಗಿಡ. ಅದರ ತುಸು ಕಹಿಯಾದ ಹಸಿ ಎಲೆಯನ್ನು ರೊಟ್ಟಿಯ ಜೊತೆ ತಿನ್ನುತ್ತೇವೆ. ತಿನ್ನುತ್ತಿದ್ದೆವು ಎನ್ನಬೇಕು. ಈಗ ನಮ್ಮ ಶಿರಗುಪ್ಪಿಯಲ್ಲಿ ಬದುವಿನ ತನಕ ಕಬ್ಬು, ಬದುವಿಗೆ ಕಳೆನಾಶಕ.

ಕ್ಯಾನ್ಸರಿಗೆ ಔಷಧಿ ಶುರುವಾದ ಮೇಲೆ ಕಾಕಾನ ಹೆಂಡತಿ, ನಮ್ಮ ಕಾಕುವಿನ ನಾಲಿಗೆಗೆ ಯಾವ ರುಚಿಯೂ ಹತ್ತದಾಯಿತು. ಒಂದು ದಿನ ತಟ್ಟೆ ಸರಿಸಿ, "ಹಕ್ಕರಕಿ ಇದ್ರ ಒಂದ್ ತುತ್ತ ಹೋಗ್ತಿತ್ತೇನೋ" ಎಂದಳು. ಅವತ್ತು ಚಪ್ಪಲಿ ಮೆಟ್ಟಿದ ಕಾಕಾ ಆಮೇಲೆ ಅದನ್ನು ಬಿಟ್ಟಿದ್ದು ಮಲಗುವಾಗ ಮಾತ್ರ.

ನನ್ನ ತಮ್ಮನಿಗೆ ಹೆಣ್ಣು ನೋಡಲು ಪಾಲಬಾವಿಗೆ ಹೋಗಿದ್ದೆವು. ಹುಡುಗಿ ಚಹಾ ತಂದಾಗ ಹಿರಿಯನಾದ ಕಾಕಾನೇ ಇಲ್ಲ. ಹಿತ್ತಲಲ್ಲಿ ಮಂಡಿಯೂರಿ ಕೂತಿದ್ದ.

"ಏನರ ಕಳಕೊಂಡ್ರೇನ್ರಿ?" ಎಂದ ಹುಡುಗಿಯ ಅಪ್ಪ.

"ಇಲ್ರಿ, ನಿಮ್ಮ ಹಿತ್ತಲ ನೋಡಾಕತ್ತೇನ್ರಿ."

"ನೀವು ಹುಡುಗೀನ ನೋಡಾಕ ಬಂದೀರಿ ಅಂದ್ಕೊಂಡಿದ್ವಿ."

ಆ ಸಂಬಂಧ ಅಲ್ಲಿಗೇ ನಿಂತಿತು.

ಜುಗೂಳದ ಒಂದು ಬದುವಿನಲ್ಲಿ ಗಿಡ ಸಿಕ್ಕಿತು. ನಾಲ್ಕೇ ಎಲೆ. ಬಲಿಯಲಿ ಎಂದು ಕಾಕಾ ದಿನಾ ಹೋಗಿ ಕಾದ. ಅಷ್ಟರಲ್ಲಿ ಹೊಲದವನು ಬೆನ್ನಿಗೆ ಕಳೆನಾಶಕದ ಪಂಪು ಕಟ್ಟಿಕೊಂಡು ಬಂದ. ಕಾಕಾ ಗಿಡಕ್ಕೆ ಅಡ್ಡ ಮಲಗಿಬಿಟ್ಟ.

"ಏಳ್ರಿ, ಎಣ್ಣಿ ಮೈಮ್ಯಾಲ ಬೀಳತೈತಿ. ಕಸಕ್ಕ ಹೊಡ್ಯಾಕತ್ತೇನಿ."

"ಹೊಡಿ. ನಾನೂ ಈಗ ಕಸಾನ."

ಪಾಪ, ಅವನು ಕಾಕಾನ ಸುತ್ತ ಬಿಟ್ಟೇ ಹೊಡೆದ. ಗಾಳಿಗೆ ಅದು ತಿಳಿಯಬೇಕಲ್ಲ? ಗಿಡ ಸುಟ್ಟುಹೋಯಿತು.

ಕೊನೆಗೆ ಚಿಕ್ಕೋಡಿಯ ಒಂದು ಪಾಳು ಗೋದಾಮಿನ ಗೋಡೆಯ ಬುಡದಲ್ಲಿ ಒಂದು ಹಿಡಿ ಸಿಕ್ಕಿತು. ಒದ್ದೆ ಟವೆಲ್ಲಿನಲ್ಲಿ ಸುತ್ತಿ ಎದೆಗಪ್ಪಿಕೊಂಡು ಬಸ್ಸು ಹತ್ತಿದ. ಕೂಸು ಇರಬೇಕೆಂದು ಯಾರೋ ಎದ್ದು ಸೀಟು ಕೊಟ್ಟರಂತೆ.

ಎಲೆಗಳನ್ನು ತಾನೇ ತೊಳೆದು, ರೊಟ್ಟಿಯ ಚೂರಿಗೆ ಸುತ್ತಿ ಕಾಕುವಿನ ಬಾಯಿಗಿಟ್ಟ. ಅವಳು ಬಹಳ ಹೊತ್ತು ಅಗಿದಳು.

"ಹೆಂಗೈತಿ?"

"ಕಹಿ ಐತ್ರಿ. ಮೊದ್ಲಿನಂಗ."

ಕಾಕಾ ಮುಖ ಒರೆಸಿಕೊಳ್ಳುತ್ತ ಹೊರಗೆ ಹೋದ. ಕಾಕು ನನ್ನನ್ನು ಹತ್ತಿರ ಕರೆದಳು.

"ಏನೂ ರುಚಿ ಹತ್ತಲಿಲ್ಲವ್ವಾ. ಅವ್ರಿಗೆ ಹೇಳಬ್ಯಾಡ. ನಾಳೆನೂ ಹುಡುಕಾಕ ಹೋಗ್ಲಿ. ಮನ್ಯಾಗ ಕುಂತ್ರ ನನ್ನ ಮಾರಿ ನೋಡಿ ಅಳತಾರ."